ತೆಗೆದ ಗೇಟು

ನಮ್ಮ ಮೇಸ್ತ್ರಿಯ ಬಾಯಲ್ಲಿ ಬರುವುದು ಒಂದೇ ಮಾತು: "ಆಯ್ತು." ಮರಳನ್ನು ಬಾಗಿಲಿಗೆ ಅಡ್ಡ ಸುರಿಯಬೇಡಿ ಎಂದರೆ "ಆಯ್ತು" ಎನ್ನುತ್ತಾನೆ, ಸರಿಯಾಗಿ ಬಾಗಿಲಿಗೆ ಅಡ್ಡವೇ ಸುರಿಯುತ್ತಾನೆ. ಬೆಳಿಗ್ಗೆ ಬೇಗ ಬನ್ನಿ ಎಂದರೂ "ಆಯ್ತು," ಬರುವುದು ಮಾತ್ರ ಬಿಸಿಲೇರಿದ ಮೇಲೆ. ಕೆಲಸ ಆಯ್ತಾ ಎಂದು ಕೇಳಿದರೂ "ಆಯ್ತು." ಮೊದಮೊದಲು ನಾನು ಆ ಮಾತನ್ನು ನಂಬಿ, ಅಬ್ಬಾ ಮುಗಿಯಿತಲ್ಲ ಎಂದು ಹಿಗ್ಗಿ ಹಿತ್ತಲಿಗೆ ಓಡುತ್ತಿದ್ದೆ. ನೋಡಿದರೆ ಅಲ್ಲಿ ನಿನ್ನೆಗಿಂತ ದೊಡ್ಡ ಗುಂಡಿ. ಆಸಾಮಿಯ "ಆಯ್ತು"ಗೆ ಅರ್ಥ "ನೀವು ಹೇಳಿದ್ದು ಕಿವಿಗೆ ಬಿತ್ತು" ಎಂದಷ್ಟೇ ಎಂಬುದು ನನಗೆ ತಿಳಿಯುವಷ್ಟರಲ್ಲಿ ಅರ್ಧ ಹಿತ್ತಲು ಅಗೆದು ಹೋಗಿತ್ತು.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಚ್ಚಿಡುವುದೇನು, ಊರಿಗೆಲ್ಲ ಗೊತ್ತಿರುವ ವಿಷಯ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ, ಅಂಗಿ, ಪ್ಯಾಂಟು ಹೊಲಿಯುವವಳು ನಾನು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಬೈಯುತ್ತೇನೆ. ಬೈಸಿಕೊಂಡು ಹೋದವರು ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಅತ್ತೆ ನನಗೆ ಇಟ್ಟ ಹೆಸರು "ಸಿಡುಕಮ್ಮ." ನಾನು ಅತ್ತೆಗೆ ಹೆಸರಿಡಲಿಲ್ಲ, ಧೈರ್ಯ ಸಾಲಲಿಲ್ಲ. ಏಕೆಂದರೆ ಈ ಮನೆಗೆ ಬಂದ ದಿನದಿಂದ ನನಗೆ ಸರಿಸಮನಾಗಿ ಜಗಳ ಆಡಿದವರು ಅವರೊಬ್ಬರೇ. ಉಪ್ಪು ಹೆಚ್ಚಾಯಿತು ಎಂದು ಅವರು, ನಿಮ್ಮ ನಾಲಿಗೆಯೇ ಸರಿಯಿಲ್ಲ ಎಂದು ನಾನು. ಹಾಲಿನ ವ್ಯಾನು ಓಡಿಸುವ ನನ್ನ ಗಂಡ ನಡುವೆ ಕೂತು ಕೋಲೆಬಸವನ ಹಾಗೆ ಇಬ್ಬರ ಮಾತಿಗೂ ತಲೆ ಆಡಿಸುತ್ತಿದ್ದರು. ಜಗಳ ಮುಗಿದ ಮೇಲೆ ಅತ್ತೆಯೇ ಟೀ ಮಾಡಿ ತಂದು ನನ್ನ ಮಷೀನಿನ ಪಕ್ಕ ಕುಕ್ಕಿ ಹೋಗುತ್ತಿದ್ದರು. ಸಕ್ಕರೆ ಬೇಕೆಂದೇ ಕಡಿಮೆ ಹಾಕಿರುತ್ತಿದ್ದರು.

ಅಂಥ ಅತ್ತೆ ಕಳೆದ ಚಳಿಗಾಲದಲ್ಲಿ ಹಿತ್ತಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಆ ಮೆಟ್ಟಿಲೋ, ಒಂದು ಎತ್ತರ, ಇನ್ನೊಂದು ಗಿಡ್ಡ, ಕೊನೆಯದು ಅಲುಗಾಡುವ ಕಲ್ಲು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಾವು ಮಾಡೋದು ಮುಗೀತು. ಇನ್ನು ಅವರು ನಡೀಬೇಕು. ಈಗ ನಡೀದಿದ್ರೆ ಕಾಲು ನಡಿಯೋದನ್ನೇ ಮರ್ತುಬಿಡುತ್ತೆ. ಆಮೇಲೆ ಹಾಸಿಗೆನೇ ಗತಿ" ಎಂದರು. ನಾಲ್ಕು ಕಾಲಿನ ವಾಕರ್ ಕೊಟ್ಟರು. ಅತ್ತೆ ಆ ವಾಕರಿನ ಮೇಲೆ ಟವೆಲು ಒಣಹಾಕಿದರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅದೂ ನನ್ನ ಹೆಗಲು ಹಿಡಿದು. ನೋವು ಕಡಿಮೆಯಾಗಿತ್ತು, ಹೆದರಿಕೆ ಹೋಗಿರಲಿಲ್ಲ.

ನನ್ನನ್ನು ಕಂಗಾಲು ಮಾಡಿದ್ದು ಇನ್ನೊಂದು ಸಂಗತಿ. ಅತ್ತೆ ಜಗಳ ಆಡುವುದನ್ನೇ ಬಿಟ್ಟರು. ಒಂದು ದಿನ ಬೇಕೆಂದೇ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚು ಸುರಿದು ಬಡಿಸಿದೆ. ನನ್ನ ಗಂಡ ಒಂದು ತುತ್ತಿಗೆ ನೀರಿನ ಲೋಟ ಹುಡುಕಿದರು. ಅತ್ತೆ ಸುಮ್ಮನೆ ಉಣ್ಣುತ್ತಿದ್ದರು.

"ಅತ್ತೆ, ಉಪ್ಪು ಜಾಸ್ತಿ ಆಯ್ತು ಅಲ್ವಾ?" ನಾನೇ ಕೇಳಿದೆ.

"ಇರ್ಲಿ ಬಿಡು. ನಿನ್ನಿಷ್ಟ."

ನಿನ್ನಿಷ್ಟವಂತೆ! ಈ ಮನೆಯಲ್ಲಿ ಒಂದು ಚಮಚ ಎಲ್ಲಿರಬೇಕು ಎಂಬುದನ್ನೂ ಇನ್ನೊಬ್ಬರ ಇಷ್ಟಕ್ಕೆ ಬಿಟ್ಟವರಲ್ಲ ಅವರು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುವಾಗ ಕಿಟಕಿಯಿಂದ ಆ ಮೆಟ್ಟಿಲು ಕಂಡಿತು. ಈ ದರಿದ್ರ ಮೆಟ್ಟಿಲನ್ನು ಮೊದಲು ಕಿತ್ತು ಬಿಸಾಡಬೇಕು ಎನ್ನಿಸಿದ್ದು ಆಗಲೇ. ಮೆಟ್ಟಿಲಿನ ಜಾಗದಲ್ಲಿ ನುಣುಪಾದ ಇಳಿಜಾರು, ಅಲ್ಲಿಂದ ಸೀಬೆ ಮರದ ಕೆಳಗಿನ ಕಲ್ಲುಬೆಂಚಿನವರೆಗೆ ಸಮತಟ್ಟಾದ ಕಲ್ಲುಹಾದಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಪೈಪು. ಆ ಹಿತ್ತಲು ಅತ್ತೆಯದು. ಅಲ್ಲಿನ ಒಂದೊಂದು ಗಿಡವೂ ಅವರ ಕೈಯಿಂದ ಬಂದದ್ದು. ದಾರಿ ಇದ್ದರೆ ಹೋಗದೆ ಇರುತ್ತಾರೆಯೇ?

ಹೇಳಿದಾಗ ಅತ್ತೆ ಅಂದದ್ದು ಅದೇ: "ನಿನ್ನಿಷ್ಟ."

ಹೀಗೆ ಮೇಸ್ತ್ರಿ ನಮ್ಮ ಮನೆಗೆ ವಕ್ಕರಿಸಿದ. ಜೊತೆಗೆ ಅವನ ಹೆಂಡತಿ. ಗಾರೆ ಕಲಸುವುದು ಅವಳು, ಮಣ್ಣು ಹೊರುವುದು ಅವಳು, ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಆಡಿ ಮುಗಿಸುವುದೂ ಅವಳೇ. ಮನೆ ಕಟ್ಟಿ ನೋಡು ಅಂದವರು ಹಿತ್ತಲು ಕೆದಕಿ ನೋಡಿರಲಿಲ್ಲ. ಮೊದಲ ದಿನವೇ ಪಿಕಾಸಿ ನೀರಿನ ಪೈಪಿಗೆ ಬಿದ್ದು ಕಾರಂಜಿ ಎದ್ದಿತು. "ಪೈಪು ಒಡೀತು ಮೇಸ್ತ್ರಿ!" ಎಂದು ಕೂಗಿದರೆ "ಆಯ್ತು" ಎಂದ. ಅಡುಗೆಮನೆಯ ನಲ್ಲಿ ಗೊರಗೊರ ಎಂದು ಸುಮ್ಮನಾಯಿತು. ನಾವು ಬಕೆಟ್ಟು ಹಿಡಿದು ಪಕ್ಕದ ಮನೆಯ ಗೋಡೆಯ ಬಳಿ ನಿಂತೆವು. ಅಲ್ಲಿನ ಸೊಸೆ ಒಳ್ಳೆಯವಳು, ಗೋಡೆಯ ಮೇಲಿಂದ ನೀರು ತುಂಬಿ ತುಂಬಿ ಕೊಟ್ಟಳು.

ಮಳೆ ಬಂದರೆ ಸಿಮೆಂಟು ಹಾಳಾಗುತ್ತದೆಂದು ಮೂಟೆಗಳು ನಮ್ಮ ಮಲಗುವ ಕೋಣೆಗೆ ಬಂದವು. ನನ್ನ ಗಂಡ ರಾತ್ರಿ ಮಗ್ಗುಲಾಗಿ ಮೂಟೆಯನ್ನು ತಬ್ಬಿಕೊಂಡು, ಬೆಳಿಗ್ಗೆ ಅರ್ಧ ಮೀಸೆ ನರೆತವರ ಹಾಗೆ ಎದ್ದರು. ಅತ್ತೆಯ ಗಿಡಗಳನ್ನು ಕಿತ್ತು ಕುಂಡಕ್ಕೆ ಹಾಕಿ ಹಜಾರದಲ್ಲಿ ಸಾಲಾಗಿ ಇಟ್ಟಿದ್ದೆವು. ಹೀರೆಬಳ್ಳಿ ಮೂರೇ ದಿನಕ್ಕೆ ಕಿಟಕಿಯ ಸರಳು ಹಿಡಿದು, ಅಲ್ಲಿಂದ ನನ್ನ ಮಷೀನಿನ ದಾರದ ಉಂಡೆಯ ಕಡೆಗೆ ಕೈ ಚಾಚಿತು. ಬೆಕ್ಕಿಗೆ ಹಬ್ಬ: ಮರಳಿನ ಗುಡ್ಡೆಯಲ್ಲಿ ತನ್ನ ಕೆಲಸ ಮುಗಿಸಿ, ಕೆಸರಿನಲ್ಲಿ ನಡೆದು, ನಾನು ಇಸ್ತ್ರಿ ಮಾಡಿಟ್ಟ ಬಿಳಿ ಸಮವಸ್ತ್ರಗಳ ಮೇಲೆ ಮಲಗುತ್ತಿತ್ತು. ಬಾಗಿಲಿಂದ ಬಚ್ಚಲಿಗೆ ಹೋಗಲು ಒಂದು ಹಲಗೆ. ಹಲಗೆಯ ಮೇಲೆ ನಾನು ಸೀರೆ ಎತ್ತಿ ಹಿಡಿದು ನಡೆಯುವುದನ್ನು ನೋಡಿ ಮೇಸ್ತ್ರಿಯ ಹೆಂಡತಿ, "ಹಗ್ಗದ ಮೇಲೆ ನಡೆಯೋರು ಹಿಂಗೇ ಹೋಗೋದು ಅಮ್ಮ, ಕೆಳಗೆ ನೋಡ್ಬೇಡಿ" ಎಂದು ನಕ್ಕಳು. ನೋಡಿದೆ, ಬಿದ್ದೆ. ಅವತ್ತು ನಾನು ಬೈದ ಬೈಗುಳಕ್ಕೆ ಗಾರೆ ಬೇಗ ಗಟ್ಟಿಯಾಯಿತು ಎಂದು ಅವಳು ಈಗಲೂ ಹೇಳುತ್ತಾಳೆ.

ಇಷ್ಟೆಲ್ಲ ರಾದ್ಧಾಂತದ ನಡುವೆ ಅತ್ತೆ ಹಿತ್ತಲ ಬಾಗಿಲ ಒಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅಗೆದ ಮಣ್ಣನ್ನು ನೋಡುತ್ತಿದ್ದರು. ಒಂದು ಮಾತಿಲ್ಲ. ಬೀಳುವುದಕ್ಕೆ ಮುಂಚೆ ಅವರು ಕಾಗದದ ಪೊಟ್ಟಣದಲ್ಲಿ ಎತ್ತಿಟ್ಟಿದ್ದ ಮೆಣಸಿನ ಬೀಜವನ್ನು ನಾನು ಒಂದು ತಟ್ಟೆಯಲ್ಲಿ ಬಿತ್ತಿದ್ದೆ. ಅದು ಮೊಳೆತಿತ್ತು. ಆ ಸಸಿಯ ತಟ್ಟೆಯನ್ನು ಮಾತ್ರ ಅತ್ತೆ ದಿನಕ್ಕೊಮ್ಮೆ ಕಡೆಗಣ್ಣಿನಿಂದ ನೋಡುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡು ಬದುಕಿದ್ದೆ.

ಈಗ ಆ ಗೇಟಿನ ವಿಷಯ ಹೇಳಬೇಕು.

ನಮ್ಮ ಹಿತ್ತಲಿಗೆ ಗೇಟು ಎರಡು. ಹಿಂದಿನದು ಓಣಿಗೆ ತೆರೆಯುತ್ತದೆ. ಪಕ್ಕದ್ದು, ಕಬ್ಬಿಣದ್ದು, ನಮಗೂ ಪಕ್ಕದ ಮನೆಗೂ ನಡುವಿನ ಗೋಡೆಯಲ್ಲಿದೆ. ಪಕ್ಕದ ಮನೆ ಚಿಕ್ಕತ್ತೆಯದು, ಅಂದರೆ ನಮ್ಮ ಅತ್ತೆಯ ಸ್ವಂತ ತಂಗಿ. ಅಕ್ಕ ಒಂದು ಮನೆಗೆ, ತಂಗಿ ಪಕ್ಕದ ಮನೆಗೆ ಸೊಸೆಯಾಗಿ ಬಂದವರು. ನಾನು ಮದುವೆಯಾಗಿ ಬಂದಾಗ ಅಲ್ಲಿ ಗೇಟೇ ಇರಲಿಲ್ಲ, ಗೋಡೆಯಲ್ಲಿ ಒಂದು ಕಂಡಿ ಇತ್ತು ಅಷ್ಟೆ. ದಿನವೆಲ್ಲ ಅಕ್ಕ ಅತ್ತ, ತಂಗಿ ಇತ್ತ. ಅವರ ಹಿಂದೆಯೇ ಚಿಕ್ಕತ್ತೆಯ ಕೋಳಿಗಳೂ ಇತ್ತ. ಕೋಳಿಗಳು ಸಸಿ ಕೆದರುತ್ತವೆ ಎಂದು ಅತ್ತೆ ಒಂದು ದಿನ ಆ ಕಂಡಿಗೆ ಗೇಟು ಹಾಕಿಸಿದರು.

ಸಂಜೆ ಚಿಕ್ಕತ್ತೆ ಬಂದು ನೋಡಿ, "ಏನಕ್ಕಾ, ಗೇಟು ಹಾಕ್ಬಿಟ್ಟೆ?" ಎಂದರು.

"ಹೂಂ, ಹಾಕ್ದೆ," ಅಂದರು ಅತ್ತೆ, ಹೊಸ ಗೇಟಿನ ಸಡಗರದಲ್ಲಿ.

ನಮ್ಮ ಭಾಷೆಯೋ! ಗೇಟು ನಿಲ್ಲಿಸಿದರೂ ಹಾಕಿದ್ದೇ, ಮುಖದ ಮೇಲೆ ಮುಚ್ಚಿದರೂ ಹಾಕಿದ್ದೇ. ಅಕ್ಕ ಹೇಳಿದ್ದು ಒಂದು, ತಂಗಿಗೆ ಕೇಳಿಸಿದ್ದು ಇನ್ನೊಂದು. "ಕೋಳಿಗೋ, ನನಗೋ?" ಎಂದರು ಚಿಕ್ಕತ್ತೆ. ಅಲ್ಲಿಗೆ ಅತ್ತೆ ಸುಮ್ಮನಿದ್ದರೆ ಮುಗಿಯುತ್ತಿತ್ತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಎಂದುಬಿಟ್ಟರು. "ನನ್ನ ಕಳ್ಳಿ ಅಂದ್ಯಾ?" ಎಂದು ಚಿಕ್ಕತ್ತೆ ಆ ಕಡೆಯಿಂದ ಚಿಲಕ ಜಡಿದರು, ಅತ್ತೆ ಈ ಕಡೆಯಿಂದ ಜಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಜಾತಿ ಇಬ್ಬರದೂ. ವರ್ಷಗಳು ಹೋದವು. ಚಿಲಕಗಳು ತುಕ್ಕು ಹಿಡಿದು ಗೇಟಿನ ಭಾಗವೇ ಆದವು. ನಮ್ಮ ಅತ್ತೆ ಬಿದ್ದಾಗ ಚಿಕ್ಕತ್ತೆ ಬರಲಿಲ್ಲ. ಆದರೆ ವಾರಕ್ಕೊಮ್ಮೆ ಅವರ ಸೊಸೆ ಗೋಡೆಯ ಮೇಲಿಂದ ಮೊಟ್ಟೆ ಕೊಡುತ್ತಿದ್ದಳು. "ಯಾರು ಕೊಟ್ರು ಅಂತ ಹೇಳ್ಬಾರದಂತೆ" ಎಂದು ಪಿಸುಗುಟ್ಟುತ್ತಿದ್ದಳು. ಅತ್ತೆ ತಿನ್ನುತ್ತಿದ್ದರು, ಯಾರು ಕೊಟ್ಟರೆಂದು ಒಮ್ಮೆಯೂ ಕೇಳಲಿಲ್ಲ.

ಇಳಿಜಾರಿಗೆ ಸಿಮೆಂಟು ಹಾಕಿದ ದಿನ ಅದು. ಬೆಳಿಗ್ಗೆಯೇ ಮೇಸ್ತ್ರಿ ಬಾಗಿಲಿಂದ ಕೆಳಗೆ ನುಣ್ಣಗೆ ಸವರಿ, ತಾನೇ ನಿಂತು ನೋಡಿ ಖುಷಿಪಟ್ಟ. ನಾನು ಸಸಿಯ ತಟ್ಟೆಗೆ ಬಿಸಿಲು ಕಾಣಲಿ ಎಂದು ಅದನ್ನು ಬಚ್ಚಲ ಪಕ್ಕದ ಹಲಗೆ ದಾಟಿ ಒಯ್ದು ಹಿತ್ತಲ ಗೋಡೆಯ ಬುಡದಲ್ಲಿ ಇಟ್ಟು ಬಂದೆ. ಅತ್ತೆಯ ಕುರ್ಚಿಯನ್ನು ಬಾಗಿಲಿಗೆ ಸರಿಸಿದೆ. ನಂತರ ಮುಂದಿನ ಕೋಣೆಗೆ ಹೋಗಿ, ಶಾಲೆಯ ಹೆಡ್‌ಮಾಸ್ತರರ ಪ್ಯಾಂಟಿನ ಕಾಲು ಮಡಿಸಲು ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತೆ.

ಕಿಟಕಿಯಲ್ಲಿ ಮೇಸ್ತ್ರಿಯ ಹೆಂಡತಿಯ ಮುಖ ಕಂಡಿತು. "ಅಮ್ಮಾ, ಹಾದಿಗೆ ಹಾಸೋ ಕಲ್ಲಿನ ಗಾಡಿ ಬಂತು. ಗೇಟು?"

ಬಾಯಲ್ಲಿ ಸೂಜಿ. ಹೆಚ್ಚು ಮಾತಾಡುವ ಹಾಗಿಲ್ಲ. "ತೆಗೀರಿ!" ಎಂದೆ.

ಹಿಂದಿನಿಂದ "ಆಯ್ತು" ಎಂಬ ದನಿ ಕೇಳಿಸಿತು. ಆಮೇಲೆ ಟಣ್ ಟಣ್ ಎಂದು ಕಬ್ಬಿಣದ ಸದ್ದು, ಒಂದು ಗೋಡೆ ನಡುಗುವ ಸದ್ದು. ಕಲ್ಲು ಇಳಿಸುತ್ತಿದ್ದಾರೆ ಎಂದುಕೊಂಡೆ. ಹೆಡ್‌ಮಾಸ್ತರರ ಎರಡನೆಯ ಕಾಲು ಮಡಿಸಿ ಮುಗಿಸುವಷ್ಟರಲ್ಲಿ ಮತ್ತೊಮ್ಮೆ "ಆಯ್ತು!" ಎಂದು ಕೇಳಿತು. ಈ ಸಲ ದನಿಯಲ್ಲಿ ಸಂತೋಷವಿತ್ತು. ಓಡಿ ಹೋಗಿ ನೋಡುತ್ತೇನೆ: ಪಕ್ಕದ ಗೇಟು ಕಂಬದ ಸಮೇತ ಮರಳಿನ ಗುಡ್ಡೆಯ ಮೇಲೆ ಅಂಗಾತ ಮಲಗಿದೆ. ಗೋಡೆಯಲ್ಲಿ ಹಳೆಯ ಕಂಡಿ ಬಾಯಿ ಬಿಟ್ಟುಕೊಂಡಿದೆ. ಬದುಕಿನಲ್ಲಿ ಮೊದಲ ಸಲ ಆ ಮನುಷ್ಯನ "ಆಯ್ತು" ಎಂದರೆ ನಿಜವಾಗಿಯೂ ಆಗಿತ್ತು.

"ಅಯ್ಯೋ ನಿಮ್ಮ ಮನೆ ಹಾಳಾಗ! ಇದೇನ್ರೀ ಮಾಡಿದ್ದು?"

"ನೀವೇ ಹೇಳಿದ್ರಲ್ಲಮ್ಮ, ತೆಗೀರಿ ಅಂತ," ಎಂದಳು ಮೇಸ್ತ್ರಿಯ ಹೆಂಡತಿ.

"ತೆಗೀರಿ ಅಂದ್ರೆ ತೆಗೀರಿ ಅಂತ! ತೆಗೀರಿ ಅಂತಲ್ಲ!"

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ನನಗೆ ಸಮಾಧಾನವಾಗಿ ವಿವರಿಸಿದಳು: "ಹಿಂದಿನ ಗೇಟು ಬೆಳಿಗ್ಗೆಯಿಂದ ತೆಗೆದೇ ಇದೆಯಲ್ಲಮ್ಮ. ಇನ್ನು ಹಾಕಿರೋದು ಇದೊಂದೇ. ಚಿಲಕ ತುಕ್ಕು ಹಿಡಿದು ತೆಗೆಯೋಕೆ ಬರ್ಲಿಲ್ಲ. ಅದಕ್ಕೇ ತೆಗೆದ್ವಿ."

ಬಾಯಲ್ಲಿ ಇನ್ನೂ ಒಂದು ಸೂಜಿ ಉಳಿದಿತ್ತು, ಅದನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡೆ. "ಹೇಗಿತ್ತೋ ಹಾಗೇ ವಾಪಸ್ ನಿಲ್ಲಿಸಿ. ಈಗಿಂದೀಗಲೇ. ಅತ್ತೆ ನೋಡೋಕೆ ಮುಂಚೆ" ಎಂದೆ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಪುಣ್ಯ.

"ಸಿಮೆಂಟೆಲ್ಲ ಇಳಿಜಾರಿಗೆ ಆಯ್ತು," ಎಂದ ಮೇಸ್ತ್ರಿ.

ಆ ಹೊತ್ತಿಗೆ ಕಂಡಿಯಲ್ಲಿ ಒಂದು ಹುಂಜದ ತಲೆ ಕಾಣಿಸಿತು. ಕೆಂಪು ಜುಟ್ಟು ಓರೆ ಮಾಡಿ ಒಂದು ಕಣ್ಣಲ್ಲಿ ನಮ್ಮ ಹಿತ್ತಲನ್ನು ನೋಡಿತು. ಹೊಸದಾಗಿ ಅಗೆದ ಮಣ್ಣು, ತುಂಬ ಎರೆಹುಳು. ಕೋಳಿಗಳಿಗೆ ಇದಕ್ಕಿಂತ ಬೇರೆ ಕರೆಯೋಲೆ ಬೇಕೇ? ಹುಂಜ ಬಂತು, ಅದರ ಹಿಂದೆ ಹೇಟೆಗಳೆಲ್ಲ ಬಂದವು. ನಾನು "ಹುಶ್, ಹುಶ್" ಎಂದು ಕೈ ಬೀಸಿದೆ. ಮೇಸ್ತ್ರಿಯ ಹೆಂಡತಿ ಬಾಂಡ್ಲಿ ಬಡಿದಳು. ಕೋಳಿಗಳು ಚೆಲ್ಲಾಪಿಲ್ಲಿಯಾದವು, ಹುಂಜ ಮಾತ್ರ ನೆಟ್ಟಗೆ ಗೋಡೆಯ ಬುಡಕ್ಕೆ ಹೋಗಿ ಮೆಣಸಿನ ಸಸಿಯ ತಟ್ಟೆಗೆ ಕಾಲಿಟ್ಟಿತು. ಎರಡು ಸಲ ಕೆದರಿತು.

"ಏ ಪುಟ್ಟೀ! ನಿನ್ನ ಕೋಳೀ!"

ನಾನು ಬೆಚ್ಚಿಬಿದ್ದೆ. ಯಾರು ಪುಟ್ಟಿ? ಯಾರ ದನಿ ಇದು? ಎಷ್ಟೋ ತಿಂಗಳಿಂದ ಪಿಸುಮಾತಿಗಿಂತ ಮೇಲೆ ಏರದಿದ್ದ ಗಂಟಲು ಅದು. ತಿರುಗಿ ನೋಡಿದರೆ ಕುರ್ಚಿ ಖಾಲಿ. ವಾಕರಿನ ಮೇಲಿದ್ದ ಟವೆಲು ನೆಲದ ಮೇಲೆ. ಅತ್ತೆ ವಾಕರ್ ಎತ್ತಿ ಕುಕ್ಕಿ, ಎತ್ತಿ ಕುಕ್ಕಿ, ಬಾಗಿಲು ದಾಟಿ ಇಳಿಜಾರಿಗೆ ಇಳಿಯುತ್ತಿದ್ದಾರೆ! ಬೆಳಿಗ್ಗೆ ಸವರಿದ ಸಿಮೆಂಟಿನ ಮೇಲೆ!

"ಅಮ್ಮಾ! ಹಸಿ! ಹಸಿ!" ಮೇಸ್ತ್ರಿ ಎರಡೂ ಕೈ ಎತ್ತಿ ಕೂಗಿದ.

"ಹಸಿವಾದ್ರೆ ಒಳಗ್ಹೋಗಿ ಊಟ ಮಾಡಯ್ಯ! ನನಗೇನು ಹೇಳ್ತೀಯ?" ಎಂದು ಅತ್ತೆ ನಿಲ್ಲದೆ ಮುಂದೆ ಹೋದರು.

ಹಿಡಿದುಕೊಳ್ಳಲು ಓಡಿದೆ. "ಮುಟ್ಟಬೇಡ ನನ್ನ!" ಎಂದು ಗದರಿದರು. ಮುಟ್ಟಲಿಲ್ಲ. ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು, ಪಕ್ಕದಲ್ಲೇ ಕೆಸರಿನಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದೆ. ಅತ್ತೆಯ ಕಾಲು ನಡುಗುತ್ತಿತ್ತು, ಬಾಯಿ ಮಾತ್ರ ನಡುಗುತ್ತಿರಲಿಲ್ಲ. ಆ ಹುಂಜದ ವಂಶವನ್ನೇ ಜಾಲಾಡಿಸುತ್ತಿದ್ದರು. ದೇವರೇ, ಎಂಥ ಸೊಗಸಾದ ಬೈಗುಳ! ಎಷ್ಟು ದಿನವಾಗಿತ್ತು ಕೇಳಿ!

ಕಂಡಿಯ ಆಚೆ ಚಿಕ್ಕತ್ತೆ ಬಂದು ನಿಂತಿದ್ದರು. ಅರ್ಧ ಬಾಚಿದ ತಲೆ, ಕೈಯಲ್ಲಿ ಬಾಚಣಿಗೆ. ಕೋಳಿ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಮರಳಿನ ಮೇಲೆ ಬಿದ್ದಿದ್ದ ಗೇಟನ್ನೇ ನೋಡುತ್ತಿದ್ದರು. ಕಂಡಿಯ ಗೆರೆ ದಾಟಿ ಒಂದು ಹೆಜ್ಜೆಯನ್ನೂ ಇಡಲಿಲ್ಲ.

"ಅಕ್ಕಾ," ಎಂದರು. ದನಿ ಇಳಿದುಹೋಗಿತ್ತು. "ಗೇಟು ತೆಗೆಸಿಬಿಟ್ಯಾ?"

ನನಗೆ ಅರ್ಥವಾಯಿತು. ಅಕ್ಕ ತನಗಾಗಿ ತೆಗೆಸಿದಳು ಎಂದು ಆ ಜೀವ ಅಂದುಕೊಂಡಿದೆ. ಅಷ್ಟರಲ್ಲಿ ನಮ್ಮ ಮೇಸ್ತ್ರಿ, ಹುಟ್ಟಿದಾಗಿನಿಂದ ಒಂದೇ ಮಾತಾಡಿದವನು, ಆಗಲೇ ಎರಡನೆಯ ಮಾತಿಗೆ ಬಾಯಿ ತೆರೆಯಬೇಕೇ? "ಅಲ್ಲಮ್ಮ, ಅದು ತಪ್ಪಾಗಿ..." ಎಂದು ಶುರುಮಾಡಿದ. ನಾನು ಅವನ ಕಾಲನ್ನು ತುಳಿದೆ. ಚೆನ್ನಾಗಿಯೇ ತುಳಿದೆ. ಅವನ ಹೆಂಡತಿ ಇನ್ನೊಂದು ಕಾಲು ತುಳಿದಳು.

ಆದರೆ ಅತ್ತೆಗೆ ಅರ್ಧ ಮಾತು ಸಾಕು. ಮರಳಿನ ಮೇಲಿನ ಗೇಟು ನೋಡಿದರು. ಮೇಸ್ತ್ರಿಯನ್ನು ನೋಡಿದರು. ನನ್ನನ್ನು ನೋಡಿದರು. ಈ ಗೇಟು ತೆಗೆಸಿದ್ದು ತಾನಲ್ಲ ಎಂದು ಅವರಿಗೆ ಗೊತ್ತು. ನಮ್ಮ ಅತ್ತೆ ಸುಳ್ಳು ಹೇಳುವವರೂ ಅಲ್ಲ, ತಂಗಿಯ ಮುಂದೆ ಸೋಲುವವರೂ ಅಲ್ಲ. "ನಾನೇನೂ ತೆಗೆಸಿಲ್ಲ" ಎಂದು ಒಂದು ಮಾತು ಹೊರಬಿದ್ದರೆ ಮುಗಿಯಿತು, ಚಿಕ್ಕತ್ತೆ ತಿರುಗಿ ಹೋಗುತ್ತಾರೆ, ಅತ್ತೆ ತಿರುಗಿ ಕುರ್ಚಿಗೆ ಹೋಗುತ್ತಾರೆ, ಮತ್ತೆ ಆ ಕುರ್ಚಿಯಿಂದ ಏಳುವುದಿಲ್ಲ. ಹುಂಜ ಕೂಡ ಕೆದರುವುದನ್ನು ನಿಲ್ಲಿಸಿತ್ತು.

ಅತ್ತೆ ವಾಕರಿನ ಮೇಲೆ ಕೈ ಬಿಗಿಮಾಡಿದರು.

"ಹೂಂ, ತೆಗೆಸ್ದೆ," ಎಂದರು. "ಏನೀಗ?"

ಚಿಕ್ಕತ್ತೆಯ ಕೈಯಿಂದ ಬಾಚಣಿಗೆ ಬಿತ್ತು. "ಏನೂ ಇಲ್ಲ," ಎಂದರು. ಆಮೇಲೆ ತಡೆಯಲಾರದೆ, "ಇಷ್ಟು ವರ್ಷ ಬೇಕಾಯ್ತಾ ನಿನಗೆ?" ಎಂದರು.

"ಆ ಕಡೆ ಚಿಲಕ ನಿನ್ನ ಕೈಯಲ್ಲೇ ಇತ್ತಲ್ಲ, ನಿನಗೇನಾಗಿತ್ತು ರೋಗ?"

"ಮೊದಲು ಹಾಕಿದ್ದು ಯಾರು?"

"ಕೋಳಿಗೆ ಹಾಕಿದ್ದು ಕಣೇ! ಅವತ್ತೂ ಕೋಳಿಗೇ ಹಾಕಿದ್ದು! ಈಗ ನೋಡು, ನನ್ನ ಸಸಿ ನೋಡು! ನಿಂತು ಏನು ನೋಡ್ತೀಯ, ಬಂದು ಹಿಡಿ ಅದನ್ನ!"

ಚಿಕ್ಕತ್ತೆ ಬಂದರು. ಗೆರೆ ದಾಟಿದರು. ಹುಂಜವನ್ನು ಹಿಡಿದು ಕಂಕುಳಲ್ಲಿ ಒತ್ತಿಕೊಂಡರು. ಆಗ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ನೀನು ನಡೀತಿದ್ದೀಯಲ್ಲೇ!" ಎಂದರು.

"ನಡೀದೆ ಇನ್ನೇನು, ಕುರ್ಚಿಲಿ ಕೂತ್ಕೊಂಡು ನಿನ್ನ ಕೋಳಿ ಓಡಿಸ್ಲಾ?" ಎಂದರು ಅತ್ತೆ. ಹಾಗೆಂದ ಮೇಲೆಯೇ ತಿರುಗಿ ತಾನು ಬಂದ ದಾರಿ ನೋಡಿದರು. ಹಸಿ ಸಿಮೆಂಟಿನ ಮೇಲೆ ಬಾಗಿಲಿಂದ ಇಲ್ಲಿಯವರೆಗೆ ವಾಕರಿನ ಕಾಲಿನ ಗುಳಿಗಳು. ನೋಡಿದ ತಕ್ಷಣ ಹೆದರಿಕೆ ನೆನಪಾಯಿತೇನೋ, ಮಂಡಿ ಕುಸಿಯತೊಡಗಿತು. ಚಿಕ್ಕತ್ತೆ ಹುಂಜವನ್ನು ಎಸೆದು ಅಕ್ಕನ ಸೊಂಟ ಹಿಡಿದರು. ಇಬ್ಬರೂ ಬೈದಾಡಿಕೊಳ್ಳುತ್ತಲೇ ಸೀಬೆ ಮರದ ಕೆಳಗಿನ ಬೆಂಚಿಗೆ ಹೋಗಿ ಕೂತರು. ನಾನು ಅಲ್ಲೇ ಮರಳಿನ ಗುಡ್ಡೆಯ ಮೇಲೆ, ಬಿದ್ದ ಗೇಟಿನ ಪಕ್ಕ ಕೂತು ಅತ್ತುಬಿಟ್ಟೆ. ಈ ಸಲ ಗೋಡೆಗೆ ಮುಖ ಮಾಡಲಿಲ್ಲ. ಮುಂದಿನ ಕೋಣೆಯ ಸ್ಟೂಲಿನಿಂದ ಹೆಡ್‌ಮಾಸ್ತರರು, "ನಾನು ಇಳೀಬಹುದಾ?" ಎಂದು ಕೇಳುತ್ತಿದ್ದದ್ದು ಆಗ ಕಿವಿಗೆ ಬಿತ್ತು.

ಮೇಸ್ತ್ರಿ ಆ ಗುಳಿಗಳನ್ನು ಮುಚ್ಚಲು ಕರಣೆ ಹಿಡಿದು ಬಂದ. ಅತ್ತೆ ಬೆಂಚಿನಿಂದಲೇ ಕೂಗಿದರು, "ಇರ್ಲಿ ಬಿಡು ಅದು. ನುಣ್ಣಗಿದ್ರೆ ಜಾರುತ್ತೆ." ಹಾಗೇ ಬಿಟ್ಟ.

ಅಂದಿನಿಂದ ದಿನವೂ ಅತ್ತೆ ಹಿತ್ತಲಿಗೆ ಇಳಿಯುತ್ತಾರೆ. ವ್ಯಾಯಾಮಕ್ಕೆ ಎಂದರೆ ಏಳುತ್ತಿರಲಿಲ್ಲ, ತಂಗಿಗೆ ಬುದ್ಧಿ ಹೇಳುವುದಕ್ಕೆ ಎದ್ದು ಹೋಗುತ್ತಾರೆ. ಉಳಿದ ಸಸಿಗಳನ್ನು ಇಬ್ಬರೂ ಸೇರಿ ನೆಟ್ಟರು, ಎಷ್ಟು ದೂರ ದೂರ ನೆಡಬೇಕೆಂದು ಇಡೀ ಬೆಳಗು ಕಿತ್ತಾಡಿದರು. ಡಾಕ್ಟರು ನೋಡಿ, "ಏನು ಔಷಧಿ ಕೊಟ್ರಿ?" ಎಂದು ಕೇಳಿದರು. "ಹುಂಜ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿ, "ಸಿಡುಕಮ್ಮ, ಉಪ್ಪಿನ ಡಬ್ಬಿ ಮಗುಚಿಬಿತ್ತೇನೆ?" ಎಂದರು. ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ ಅವತ್ತು. ಆದರೂ ನನಗಾದ ಸಂತೋಷ ಅಷ್ಟಿಷ್ಟಲ್ಲ, ನಿಮ್ಮ ನಾಲಿಗೆಯೇ ಸರಿಯಿಲ್ಲ ಎಂದು ಬಾಯಿ ತುಂಬ ಜಗಳ ಆಡಿದೆ. ನನ್ನ ಗಂಡ ತಲೆ ಆಡಿಸಿದರು.

ಹಾದಿಗೆ ಕಲ್ಲು ಹಾಸಿದ್ದೂ ಮುಗಿಯಿತು, ಪೈಪು ನಿಲ್ಲಿಸಿದ್ದೂ ಮುಗಿಯಿತು. ನಮ್ಮ ನಲ್ಲಿಯಲ್ಲಿ ನೀರು ಬಂತು, ಹಜಾರದ ಕುಂಡಗಳು ಹೊರಗೆ ಹೋದವು, ಹೀರೆಬಳ್ಳಿಯನ್ನು ಮಾತ್ರ ಕಿಟಕಿಯಿಂದ ಬಿಡಿಸಲಾಗಲಿಲ್ಲ. ಕೊನೆಯ ದಿನ ಮೇಸ್ತ್ರಿ ಸಾಮಾನು ಕಟ್ಟುವ ಮೊದಲು ಮರಳಿನ ಮೇಲಿದ್ದ ಗೇಟನ್ನು ಕಾಲಲ್ಲಿ ಮುಟ್ಟಿ, ಬೆಂಚಿನ ಕಡೆ ನೋಡಿದ.

"ಗೇಟು ಹಾಕ್ಲಾ ಅಮ್ಮ?"

ಅಕ್ಕ ತಂಗಿ ಇಬ್ಬರೂ ಬೆಂಚಿನ ಮೇಲಿದ್ದರು. ಸೀಬೆ ಹಣ್ಣು ಹೆಚ್ಚುತ್ತಿದ್ದ ಚಿಕ್ಕತ್ತೆಯ ಕೈ ನಿಂತಿತು. ತಲೆ ಎತ್ತಲಿಲ್ಲ.

"ಹಾಕು," ಎಂದರು ಅತ್ತೆ. "ಕೋಳಿ ಬರ್ತವೆ."

ಚಿಕ್ಕತ್ತೆ ಚಾಕು ಕೆಳಗಿಟ್ಟರು. ಮೆಲ್ಲನೆ ಏಳಲು ಹೋದರು. ಅತ್ತೆ ಅವರ ಮಣಿಕಟ್ಟು ಹಿಡಿದು ಕೂರಿಸಿದರು.

"ಕೂತ್ಕೋ ಪುಟ್ಟಿ. ಹಾಕು ಅಂದ್ರೆ ಹಾಕು ಅಂತ. ಹಾಕು ಅಂತಲ್ಲ," ಎಂದು, ಮೇಸ್ತ್ರಿಯ ಕಡೆ ತಿರುಗಿ, "ಅರ್ಥ ಆಯ್ತೇನಯ್ಯ?" ಎಂದರು.

"ಆಯ್ತು," ಎಂದ.

ಈ ಮನುಷ್ಯನಿಗೆ ಅರ್ಥವಾಗಿದೆ ಎಂದು ನನಗೆ ನಂಬಿಕೆ ಇರಲಿಲ್ಲ. ಸಂಜೆ ಅವನು ಹೋಗುವ ಹೊತ್ತಿಗೆ ಹೋಗಿ ಪರೀಕ್ಷೆ ಮಾಡಿದೆ. ಕಂಬ ನೆಟ್ಟಗಿತ್ತು. ಗೇಟಿಗೆ ಹೊಸ ಬಣ್ಣ ಬಂದಿತ್ತು. ಒಂದು ಬೆರಳಿನಿಂದ ತಳ್ಳಿದರೆ ತೆರೆದುಕೊಂಡು, ಬಿಟ್ಟರೆ ತಾನೇ ಬಂದು ಕೂರುತ್ತಿತ್ತು. ಕೋಳಿಗೆ ತಳ್ಳಲಾಗದು, ತಂಗಿಗೆ ತಳ್ಳಬಹುದು. ಈ ಕಡೆ ನೋಡಿದೆ, ಬಗ್ಗಿ ಆ ಕಡೆಯೂ ನೋಡಿದೆ.

"ಚಿಲಕ ಎಲ್ರೀ ಮೇಸ್ತ್ರಿ? ಎರಡು ಇತ್ತಲ್ಲ?"

ಅವನು ಕರಣೆ ತೊಳೆಯುತ್ತಿದ್ದವನು ತಲೆ ಎತ್ತಿದ.

"ತೆಗೆದೆ," ಎಂದ.